ನೋಟಿನ ದಿಕ್ಕು: ಪಾಂಡವಪುರ ಸೀಮೆಯ ಚುನಾವಣಾ ಸುಧಾರಣೆ ಕುರಿತು ಒಂದು ಮರುವಿಚಾರ

ಚುನಾವಣಾ ಸುಧಾರಣೆಯಲ್ಲಿ ನಾಗರಿಕರ ಪಾತ್ರ ಎಂದೊಡನೆ ನಮ್ಮ ವಿದ್ವಾಂಸರ ಕಣ್ಣು ಸುಪ್ರೀಂ ಕೋರ್ಟಿನತ್ತ ಹೊರಳುತ್ತದೆ. ಅದಕ್ಕೆ ಕಾರಣವೂ ಇದೆ. ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರು ಕಟ್ಟಿದ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ 1999ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. 2002ರ ಮೇ 2ರಂದು ಸುಪ್ರೀಂ ಕೋರ್ಟು ಅಭ್ಯರ್ಥಿಯ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳನ್ನು ತಿಳಿಯುವುದು ಮತದಾರನ ಹಕ್ಕು ಎಂದಿತು. ಅದನ್ನು ಮೊಟಕುಗೊಳಿಸಲು ಸಂಸತ್ತು ತಂದ ತಿದ್ದುಪಡಿ 2003ರ ಮಾರ್ಚ್ 13ರಂದು ಬಿದ್ದುಹೋಯಿತು. 2013ರಲ್ಲಿ 'ನೋಟಾ' ಬಂತು, 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡ್ ರದ್ದಾಯಿತು. ಈ ಸರಣಿಯ ಬಗ್ಗೆ ತಕರಾರಿಲ್ಲ. ಸುಧಾರಣೆಯ ಕಥೆ ಅರ್ಜಿದಾರರು, ವಕೀಲರು ಮತ್ತು ನ್ಯಾಯಪೀಠದ ನಡುವೆಯೇ ಮುಗಿಯುತ್ತದೆ ಎಂಬ ಧೋರಣೆಯ ಬಗ್ಗೆ ಮಾತ್ರ ನನಗೆ ತಕರಾರಿದೆ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆಯೇ ಒಂದು ಸುಧಾರಣೆ ಕಾಣುತ್ತದೆ. ಇಲ್ಲಿ ರೈತ ಸಂಘದ ಚುನಾವಣೆಯ ನೆನಪು 'ಒಂದು ಓಟು, ಒಂದು ನೋಟು' ಎಂಬ ಘೋಷಣೆಗೆ ಅಂಟಿಕೊಂಡಿದೆ. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ ಗೆದ್ದರು. ಕ್ಷೇತ್ರ ಪುನರ್ವಿಂಗಡಣೆಯ ನಂತರ ಅದೇ ಸೀಮೆ ಮೇಲುಕೋಟೆ ಕ್ಷೇತ್ರವಾಯಿತು. 2013ರಲ್ಲಿ ಅಲ್ಲಿಂದ ಸರ್ವೋದಯ ಕರ್ನಾಟಕ ಪಕ್ಷದ ಅಭ್ಯರ್ಥಿಯಾಗಿ ಮತ್ತೆ ಗೆದ್ದರು. ಘೋಷಣೆಯೇನೋ ಇಲ್ಲಿ ಹುಟ್ಟಿದ್ದಲ್ಲ. ಕಾಗೋಡು ಸತ್ಯಾಗ್ರಹದ ಬೆನ್ನಿಗೇ 1952ರಲ್ಲಿ ಶಾಂತವೇರಿ ಗೋಪಾಲಗೌಡರು ಮಲೆನಾಡಿನಲ್ಲಿ ಮತದ ಜೊತೆಗೆ ಒಂದು ರೂಪಾಯಿಯನ್ನೂ ಕೇಳಿದ್ದರು. ಸಮಾಜವಾದಿ ಯುವಜನ ಸಭೆಯಿಂದ ಬಂದ ಎಂ.ಡಿ. ನಂಜುಂಡಸ್ವಾಮಿಯವರ ಮೂಲಕ ಆ ಸಂಸ್ಕಾರ 1980ರ ರೈತ ಸಂಘಕ್ಕೆ ಹರಿಯಿತು. ಇಲ್ಲಿಯವರೆಗೆ ಒಮ್ಮತವಿದೆ.

ಜಗಳವಿರುವುದು ಮುಂದಿನ ಪ್ರಶ್ನೆಯಲ್ಲಿ: ಈ ನೋಟು ಚುನಾವಣೆಯ ಸ್ವರೂಪವನ್ನೇ ಬದಲಿಸಿತೆ, ಅಥವಾ ಅದು ಬರೀ ಪ್ರಚಾರದ ಚಮತ್ಕಾರವೆ?

ಎಂ.ಎನ್. ಶ್ರೀನಿವಾಸರ ಮಾದರಿಯನ್ನು ಒಪ್ಪಿದರೆ ಚಮತ್ಕಾರವೆಂದೇ ಹೇಳಬೇಕಾಗುತ್ತದೆ. ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ಮಾಡಿ, ಆ ಊರಿಗೆ 'ರಾಮಪುರ' ಎಂದು ಹೆಸರಿಟ್ಟು ಅವರು ಬರೆದ 1955ರ ಲೇಖನ 'ವೋಟ್ ಬ್ಯಾಂಕ್' ಎಂಬ ಮಾತನ್ನು ಚಲಾವಣೆಗೆ ತಂದಿತು. ಆ ಚಿತ್ರದಲ್ಲಿ ಊರಿನ ಪ್ರಬಲ ಜಾತಿಯ ಯಜಮಾನ ನಡುವೆ ನಿಂತಿದ್ದಾನೆ. ಮೇಲಿನಿಂದ ಅನುಕೂಲ ಇಳಿಯುತ್ತದೆ, ಕೆಳಗಿನಿಂದ ಮತ ಏರುತ್ತದೆ. ಶ್ರೀನಿವಾಸರ ಈ ವಿವರಣೆಯ ಸೂಕ್ಷ್ಮತೆಯನ್ನು ಅಲ್ಲಗಳೆಯಲಾರೆ. ಆದರೆ ಒಂದು ಹಳ್ಳಿಯ, ಒಂದು ಕಾಲದ ಚಿತ್ರವನ್ನು ನಂತರದವರು ಇಡೀ ಹಳೇ ಮೈಸೂರಿನ ಅಚ್ಚು ಮಾಡಿಕೊಂಡಿದ್ದಾರೆ.

ಆ ಅಚ್ಚಿನಲ್ಲಿ ಹಿಡಿಸದೆ ಉಳಿಯುವುದು ಋಣದ ದಿಕ್ಕು. ಹಣ ಹಂಚಿ ಮತ ಕೇಳುವ ಕಡೆ ದೇವರ ಮೇಲೆ ಆಣೆ ಮಾಡಿಸುವ ರೂಢಿಯನ್ನು ನೆನೆಯಿರಿ. ಕೊಟ್ಟವನು ಸಾಲಿಗ, ಪಡೆದವನು ಋಣಿ, ಮತವೇ ಮರುಪಾವತಿ. 'ಉಪ್ಪಿನ ಋಣ' ಎಂಬ ನಮ್ಮ ಹಳೆಯ ನೀತಿಯನ್ನೇ ಅಲ್ಲಿ ಭ್ರಷ್ಟಾಚಾರಕ್ಕೆ ಹೂಡಲಾಗಿದೆ. ಮತದಾರನೇ ಹತ್ತು ರೂಪಾಯಿ ಕೊಟ್ಟಾಗ ಅದೇ ನೀತಿ ತಲೆಕೆಳಗಾಗುತ್ತದೆ. ಗೆದ್ದವನೇ ಋಣಿಯಾಗುತ್ತಾನೆ, ನಾಳೆ ಅವನ ಅಂಗಿ ಹಿಡಿದು ಕೇಳುವ ಹಕ್ಕು ಕೊಟ್ಟವನದು. ಬ್ಯಾಂಕಿನ ವಸೂಲಿ ಅಧಿಕಾರಿಗಳು ಅಪ್ಪಣೆಯಿಲ್ಲದೆ ಊರೊಳಗೆ ಬರಬಾರದೆಂದು ಊರಬಾಗಿಲಲ್ಲಿ ಫಲಕ ಹಾಕಿದ ಸಂಘಟನೆ ಇದು. ಯಾರು ಯಾರಿಗೆ ಸಾಲಗಾರರು ಎಂಬ ಪ್ರಶ್ನೆ ಅದಕ್ಕೆ ಹೊಸದಲ್ಲ. ಈ ಕಾರಣಕ್ಕೆ ಪಾಂಡವಪುರದ ನೋಟನ್ನು, ಕಾನೂನಿನ ಹೊರಗೆ ನಡೆದರೂ, ಚುನಾವಣಾ ಸುಧಾರಣೆ ಎಂದೇ ಕರೆಯಬೇಕೆಂಬುದು ನನ್ನ ವಾದ.

ಈ ವಾದಕ್ಕೆ ಎದುರಾಗುವ ಮೊದಲ ಮಾತು ನಾಲೆಯದು. ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬಿನ ಹಣ ಕೈಯಲ್ಲಿ ಆಡುವ ಕಡೆ ರೈತ ನೋಟು ಕೊಟ್ಟದ್ದರಲ್ಲಿ ಏನಾಶ್ಚರ್ಯ ಎನ್ನುತ್ತಾರೆ. ಹಾಗಿದ್ದರೆ ಶ್ರೀರಂಗಪಟ್ಟಣ ಮೊದಲು ಆ ದಾರಿ ಹಿಡಿಯಬೇಕಿತ್ತು. ಕನ್ನಂಬಾಡಿ ಕಟ್ಟೆಗೂ ಮುಂಚೆಯೇ ವಿರಿಜಾ, ಬಂಗಾರದೊಡ್ಡಿ, ಚಿಕ್ಕದೇವರಾಯ ಸಾಗರ ನಾಲೆಗಳ ನೀರುಂಡ ತಾಲ್ಲೂಕು ಅದು. ಆದರೂ 1994ರಿಂದ ಈಚೆಗೆ ಅಲ್ಲಿಂದ ರೈತ ಸಂಘದ ಶಾಸಕ ಆರಿಸಿ ಬಂದಿಲ್ಲ. ಹೇಮಾವತಿ ನೀರು ಕಂಡ ಕೆ.ಆರ್. ಪೇಟೆಯಿಂದಲೂ ಇಲ್ಲ, ಮಳೆ ನೆಚ್ಚಿದ ನಾಗಮಂಗಲದಿಂದಲೂ ಇಲ್ಲ. ಇನ್ನು ಮೇಲುಕೋಟೆಯ ಸುತ್ತಲಿನ ಬೆಟ್ಟಸಾಲು ನಾಲೆಗೆ ಎಟುಕದ ಬೆದ್ದಲು. ನೀರು ಅನುಕೂಲ ಮಾಡಿಕೊಟ್ಟಿರಬಹುದು, ಕಾರಣವಂತೂ ಅಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಇದು ಒಬ್ಬ ವ್ಯಕ್ತಿಯ ವರ್ಚಸ್ಸು, ನಂತರ ಒಂದು ಮನೆತನದ್ದು. 2018ರ ಫೆಬ್ರವರಿಯಲ್ಲಿ ಪುಟ್ಟಣ್ಣಯ್ಯ ತೀರಿಕೊಂಡರು. ಕೆಲವೇ ತಿಂಗಳಲ್ಲಿ ಮಗ ದರ್ಶನ್ ಸ್ವರಾಜ್ ಇಂಡಿಯಾದಿಂದ ನಿಂತು, ಕಾಂಗ್ರೆಸ್ ಎದುರಾಳಿಯನ್ನು ಹಾಕದಿದ್ದರೂ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಅವರಿಗೆ ಸೋತರು. 2023ರಲ್ಲಿ ಅದೇ ಎದುರಾಳಿ, ಕಾಂಗ್ರೆಸ್ಸಿನದು ಅದೇ ನಿಲುವು. ಈ ಸಲ ದರ್ಶನ್ ಗೆದ್ದರು. ಎರಡೂ ಚುನಾವಣೆಗಳನ್ನು ಜೋಡಿಸಿ ಓದಿದರೆ ತಂದೆಯ ಸಾವಿನ ಅನುಕಂಪವಾಗಲಿ ದೊಡ್ಡ ಪಕ್ಷದ ಬೆಂಬಲವಾಗಲಿ ಒಂದೇ ಸಾಲದೆಂಬುದು ಸ್ಪಷ್ಟ. ಹಾಗೆಂದು ಗೆಲ್ಲಿಸಿದ್ದು ಜನರ ನೋಟೇ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಅಂಥ ತೀರ್ಮಾನವನ್ನು ನಾನು ಮಾಡುತ್ತಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ 1,25,876 ಮತಗಳ ಅಂತರದಿಂದ ಗೆದ್ದದ್ದೂ ಇದೇ ಜಿಲ್ಲೆಯಲ್ಲಿ. ಪಕ್ಷದ ಕಟ್ಟು ಮುರಿಯಲು ಮಂಡ್ಯದವರಿಗೆ ಬೇರೆ ದಾರಿಗಳೂ ಗೊತ್ತು.

ಮೂರನೆಯದು ನನ್ನ ವಾದಕ್ಕೆ ನಿಜವಾದ ಮುಳ್ಳು. ನೋಟು ಕೊಟ್ಟವರು ಯಾರು? ಹಸಿರು ಶಾಲು ಹೊದ್ದವರಲ್ಲಿ ಹೆಚ್ಚಿನವರು ಭೂಮಿಯುಳ್ಳವರಾಗಿದ್ದರೆ, ಕಬ್ಬು ಕಡಿಯುವ ಕೂಲಿಯವರ, ದಲಿತ ಕೇರಿಯ ಹೆಣ್ಣುಮಕ್ಕಳ ಪಾಲು ಅದರಲ್ಲಿ ಎಷ್ಟು? ಅವರು ಕೊಟ್ಟಿಲ್ಲವಾದರೆ ಋಣದ ದಿಕ್ಕು ಬದಲಾದದ್ದು ಪ್ರಬಲ ಜಾತಿಯ ಅಂಗಳದೊಳಗೆ ಮಾತ್ರ, ಆಗ ಶ್ರೀನಿವಾಸರ ಯಜಮಾನ ವೇಷ ಬದಲಿಸಿ ಅಲ್ಲೇ ಕುಳಿತಿರುತ್ತಾನೆ. ಆದ್ದರಿಂದ 'ಸುಧಾರಣೆ' ಎಂಬ ಪದವನ್ನು ಸದ್ಯಕ್ಕೆ ಚುನಾವಣೆಯ ಹಣಕಾಸಿಗಷ್ಟೇ ಸೀಮಿತಗೊಳಿಸುತ್ತೇನೆ. ಸಾಮಾಜಿಕ ಸಂಬಂಧಗಳಿಗೆ ಅದನ್ನು ಹಿಗ್ಗಿಸಲು ಧೈರ್ಯವಿಲ್ಲ.

ಕಾನೂನಿನ ಕಣ್ಣಿನಿಂದಲೂ ಒಂದು ಮಾತು. ನ್ಯಾಯಾಲಯದ ದಾರಿಯಲ್ಲಿ ಬಂದ ಪ್ರಮಾಣಪತ್ರ ಅಭ್ಯರ್ಥಿಯ ಬಳಿ ಏನಿದೆ ಎಂದು ಕೇಳುತ್ತದೆ. ಅವನಿಗೆ ಯಾರು ಕೊಟ್ಟರು ಎಂದು ಕೇಳುವುದಿಲ್ಲ. ಆ ಪ್ರಶ್ನೆ ಬರುವುದು ಫಲಿತಾಂಶದ ನಂತರ 30 ದಿನದೊಳಗೆ ಸಲ್ಲಿಸುವ ಖರ್ಚಿನ ಲೆಕ್ಕದಲ್ಲಿ, ಮತದಾರನ ಕೈ ಮೀರಿದ ಮೇಲೆ. ಚುನಾವಣಾ ಬಾಂಡ್ ಕೊಟ್ಟವನ ಹೆಸರನ್ನೇ ಮುಚ್ಚಿಟ್ಟಿತ್ತು. ಊರ ಮುಂದಿನ ಸಭೆಯಲ್ಲಿ ಎಲ್ಲರ ಎದುರು ಕೊಡುವ ಹತ್ತರ ನೋಟು ಅದಕ್ಕೆ ತದ್ವಿರುದ್ಧ. ದಿನೇಶ್ ಗೋಸ್ವಾಮಿ ಸಮಿತಿ (1990), ಇಂದ್ರಜಿತ್ ಗುಪ್ತಾ ಸಮಿತಿ (1998) ಚುನಾವಣಾ ವೆಚ್ಚಕ್ಕೆ ಸರ್ಕಾರದ ನೆರವನ್ನು ಸೂಚಿಸಿದವು. ಮತದಾರನೇ ಭರಿಸಬಹುದೆಂಬ ಮೂರನೆಯ ದಾರಿ ಈ ವರದಿಗಳ ಮುಖ್ಯ ಚಿಂತೆಯಾಗಲಿಲ್ಲ.

ನೋಟು ಕೊಟ್ಟವರ ಜಾತಿ, ಹಿಡುವಳಿ, ಲಿಂಗ ತಿಳಿಯದೆ ಈ ಚರ್ಚೆ ಮುಂದೆ ಸಾಗದು. ಅಭ್ಯರ್ಥಿಗಳ ಖರ್ಚಿನ ಲೆಕ್ಕದಲ್ಲಿ ಸಣ್ಣ ದೇಣಿಗೆಗಳು ಮೊತ್ತವಾಗಿ ಕರಗಿಹೋಗುತ್ತವೆ. ಹಾಗಾಗಿ ಒಂದು ಕೋರಿಕೆ: 1994ರ ಚುನಾವಣೆಯ ದೇಣಿಗೆ ಪಟ್ಟಿ, ರಸೀದಿ ಪುಸ್ತಕ ಪಾಂಡವಪುರ ತಾಲ್ಲೂಕಿನ ಯಾವ ಮನೆಯ ಅಟ್ಟದ ಮೇಲಿದ್ದರೂ ಗೆದ್ದಲು ಹಿಡಿಯುವ ಮುನ್ನ ಸಂಶೋಧಕರ ಕಣ್ಣಿಗೆ ಬೀಳಲಿ.