ಮನೆಯ ಬಲ ಕಂಬಿಯಲ್ಲಿ, ಕಂಬಿಯ ಆಯಸ್ಸು ಹೊದಿಕೆಯಲ್ಲಿ

ಭಾರದ ಒತ್ತಡವನ್ನು ತಾಳುವುದರಲ್ಲಿ ಕಾಂಕ್ರೀಟು ಗಟ್ಟಿಯಾದರೂ ಎಳೆತವನ್ನು ತಾಳುವುದರಲ್ಲಿ ದುರ್ಬಲ. ಅದರ ಎಳೆತ ಸಾಮರ್ಥ್ಯವು ಒತ್ತಡ ಸಾಮರ್ಥ್ಯದ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಈ ಕೊರತೆಯನ್ನು ತುಂಬುವುದೇ ಉಕ್ಕಿನ ಕಂಬಿಯ ಕೆಲಸ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಈ ಜೋಡಿ ಬೇರ್ಪಡುವುದಿಲ್ಲ.

ಹಿನ್ನೆಲೆ: ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ 1867ರಲ್ಲಿ ಕಬ್ಬಿಣದ ಬಲೆಯುಳ್ಳ ಸಿಮೆಂಟ್ ಕುಂಡಗಳಿಗೆ ಪೇಟೆಂಟ್ ಪಡೆದರು. ಕಾಂಕ್ರೀಟು ಬಿಗಿಯಾಗಿ ಹಿಡಿದುಕೊಳ್ಳಲೆಂದು ತಿರುಚಿದ ಸರಳಿಗೆ ಅಮೆರಿಕದ ಅರ್ನೆಸ್ಟ್ ರಾನ್ಸಮ್ 1884ರಲ್ಲಿ ಪೇಟೆಂಟ್ ಪಡೆದರು. ಇಂದಿನ ಕಂಬಿಯ ಮೈಮೇಲಿನ ಏಣುಗಳ ಉದ್ದೇಶವೂ ಇದೇ.

ಟಿಎಂಟಿ ಎಂದರೇನು?: ಕಾರ್ಖಾನೆಯಲ್ಲಿ ಕೆಂಪಗೆ ಕಾದ ಸರಳಿನ ಮೇಲೆ ರಭಸವಾಗಿ ನೀರು ಹಾಯಿಸಲಾಗುತ್ತದೆ. ಹೊರಪದರ ಗಡುಸಾಗುತ್ತದೆ, ಒಳಗಿನ ತಿರುಳು ನಿಧಾನವಾಗಿ ತಣಿದು ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಐಎಸ್ 1786 ಮಾನಕದ ‘ಎಫ್‌ಇ 500’ ದರ್ಜೆಯ ಕಂಬಿಯು ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 500 ನ್ಯೂಟನ್ ಎಳೆತದವರೆಗೆ ಶಾಶ್ವತವಾಗಿ ಹಿಗ್ಗದೆ ನಿಲ್ಲಬೇಕು. ‘ಡಿ’ ಅಕ್ಷರವಿದ್ದರೆ ಮುರಿಯುವ ಮುನ್ನ ಇನ್ನೂ ಹೆಚ್ಚು ಹಿಗ್ಗಬಲ್ಲದೆಂದರ್ಥ. ಭೂಕಂಪದ ಸಂದರ್ಭದಲ್ಲಿ ಈ ಗುಣ ಮುಖ್ಯ.

ತೂಕದ ಲೆಕ್ಕ: ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂನಲ್ಲಿ ದೊರೆಯುತ್ತದೆ. 12 ಮಿ.ಮೀ. ದಪ್ಪ, 12 ಮೀಟರ್ ಉದ್ದದ ಕಂಬಿ ಸುಮಾರು 10.66 ಕೆ.ಜಿ. ತೂಗಬೇಕು. ಈ ಗಾತ್ರಕ್ಕೆ ಮಾನಕವು ಒಟ್ಟು ರಾಶಿಯಲ್ಲಿ ಶೇ. 5ರಷ್ಟು ಹೆಚ್ಚುಕಡಿಮೆಗೆ ಮಾತ್ರ ಅವಕಾಶ ನೀಡುತ್ತದೆ.

ಇರಿಸುವ ಜಾಗ: ಎರಡೂ ತುದಿಯಲ್ಲಿ ಆಧಾರವಿರುವ ತೊಲೆಯ ಕೆಳಭಾಗ ಎಳೆತಕ್ಕೆ ಸಿಲುಕುವುದರಿಂದ ಮುಖ್ಯ ಕಂಬಿ ಅಲ್ಲಿರಬೇಕು. ಗೋಡೆಯಿಂದ ಹೊರಚಾಚಿದ ಸಜ್ಜಾ, ಬಾಲ್ಕನಿಗಳಲ್ಲಿ ಇದು ತಿರುವುಮುರುವು, ಕಂಬಿ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟು ಹಾಕುವಾಗ ಕಾಲ್ತುಳಿತಕ್ಕೆ ಅದು ಕೆಳಗೆ ಕುಸಿದರೆ ಎಷ್ಟು ಉತ್ತಮ ಉಕ್ಕಿದ್ದರೂ ಸಜ್ಜಾ ಉಳಿಯದು.

ತುಕ್ಕಿನ ಅಪಾಯ: ಕಾಂಕ್ರೀಟಿನ ಕ್ಷಾರಗುಣ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ಹೊದಿಕೆ ತೆಳುವಾದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ಕರಾವಳಿಯ ಉಪ್ಪು ಬೇಗನೆ ಕಂಬಿಯನ್ನು ತಲುಪುತ್ತವೆ. ತುಕ್ಕು ಮೂಲ ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ತಾರಸಿಯ ಅಡಿಭಾಗ ಸಿಡಿದು ಉದುರುತ್ತದೆ. ಐಎಸ್ 456:2000ರ ಪ್ರಕಾರ ಸಾಧಾರಣ ವಾತಾವರಣದಲ್ಲಿ 20 ಮಿ.ಮೀ., ಕರಾವಳಿ ಹವೆಗೆ ತೆರೆದ ಮೇಲ್ಮೈಗಳಲ್ಲಿ 45 ಮಿ.ಮೀ. ಹೊದಿಕೆ ಬೇಕು; ಕಂಬಗಳಿಗೆ ಸಾಮಾನ್ಯವಾಗಿ 40 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಕಂಬಿಯಡಿ ಜಲ್ಲಿಕಲ್ಲಿನ ಬದಲು ನಿಗದಿತ ದಪ್ಪದ ಕವರ್ ಬ್ಲಾಕ್ ಇದೆಯೇ ಎಂಬುದನ್ನು ಮನೆ ಕಟ್ಟಿಸುವವರು ಕಾಂಕ್ರೀಟು ಸುರಿಯುವ ಮುನ್ನವೇ ನೋಡಿಕೊಳ್ಳಬೇಕು. ಆಮೇಲೆ ಅದು ಕಣ್ಣಿಗೆ ಕಾಣದು.