ನಾಯಿಗಳಿಗೆ ಹಸಿ ಮಾಂಸ ಮತ್ತು ಮೂಳೆ: ಕುರಿ ಸಾಕಣೆದಾರರು ಅನುಸರಿಸಬೇಕಾದ ಕ್ರಮಗಳು

ಕುರಿ, ಮೇಕೆಗಳನ್ನು ಕಡಿದಾಗ ಉಳಿಯುವ ಶ್ವಾಸಕೋಶ, ಪಿತ್ತಜನಕಾಂಗ ಹಾಗೂ ತಲೆಯ ಭಾಗಗಳನ್ನು ಹಸಿಯಾಗಿಯೇ ನಾಯಿಗೆ ಎಸೆಯುವ ರೂಢಿ ಹಲವೆಡೆ ಇದೆ. ಇದರಿಂದ ನಾಯಿ, ಹಿಂಡು ಮತ್ತು ಮನೆಮಂದಿ ಮೂವರಿಗೂ ಅಪಾಯವುಂಟು.

ರೋಗ ಹರಡುವ ಬಗೆ

ಕುರಿಯ ಅಂಗಗಳಲ್ಲಿ ಕಾಣುವ ನೀರು ತುಂಬಿದ ಬಿಳಿಯ ಗುಳ್ಳೆಗಳು ಲಾಡಿಹುಳುವಿನ ಮರಿಹಂತವಾಗಿರಬಹುದು. ಇವನ್ನು ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳುಗಳು ಬೆಳೆದು, ಸುಮಾರು 6 ರಿಂದ 7 ವಾರಗಳಲ್ಲಿ ಮಲದೊಡನೆ ಮೊಟ್ಟೆಗಳು ಹೊರಬೀಳುತ್ತವೆ. ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಮೊಟ್ಟೆಗಳು ಮೇವಿನ ಮೂಲಕ ಕುರಿಗಳಿಗೂ, ಕೈ, ನೀರು, ತರಕಾರಿಗಳ ಮೂಲಕ ಮನುಷ್ಯರಿಗೂ ಸೇರುತ್ತವೆ. ಮನುಷ್ಯರಲ್ಲಿ ಇದನ್ನು ಹೈಡಾಟಿಡ್ ರೋಗ ಎನ್ನುತ್ತಾರೆ. ಗುಳ್ಳೆಯು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವುದರಿಂದ ಅನೇಕ ವೇಳೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತದೆ. ಕುರಿಗಳು ಒಂದೇ ಕಡೆಗೆ ಸುತ್ತುವ ಮೆದುಳುಗುಳ್ಳೆ ರೋಗವೂ ನಾಯಿಯ ಮತ್ತೊಂದು ಲಾಡಿಹುಳುವಿನಿಂದಲೇ ಬರುತ್ತದೆ.

ಅನುಸರಿಸಬೇಕಾದ ಕ್ರಮಗಳು

• ಗುಳ್ಳೆಗಳಿರುವ ಅಂಗಗಳನ್ನು ಸುಡಬೇಕು ಅಥವಾ ನಾಯಿ ಕೆದಕಲಾಗದಷ್ಟು ಆಳದಲ್ಲಿ ಹೂಳಬೇಕು.
• ಉಳಿದ ಅಂಗಗಳನ್ನು ಸಣ್ಣಗೆ ಹೆಚ್ಚಿ, ನೀರು ಕುದಿಯಲಾರಂಭಿಸಿದ ಬಳಿಕ ಕನಿಷ್ಠ 30 ನಿಮಿಷ ಬೇಯಿಸಿ, ಆರಿಸಿ ಕೊಡಬೇಕು. ಇದರಿಂದ ಸಾಲ್ಮೊನೆಲ್ಲಾದಂತಹ ರೋಗಾಣುಗಳೂ ನಾಶವಾಗುತ್ತವೆ.
• ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಮಾಂಸದ ಅಡುಗೆಯನ್ನು ನಾಯಿಗೆ ಕೊಡಬಾರದು, ಇವು ರಕ್ತಹೀನತೆಯನ್ನುಂಟುಮಾಡುತ್ತವೆ.
• ಬೇಯಿಸಿದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳನ್ನು ಗಾಯಗೊಳಿಸುತ್ತದೆ, ಅದನ್ನು ಕೊಡಲೇಬಾರದು. ಹಸಿ ಮೂಳೆಯೂ ಹಲ್ಲು ಮುರಿಯಬಹುದು, ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಕೊಡುವುದೇ ಆದರೆ ಆರೋಗ್ಯವಂತ ಪ್ರಾಣಿಯ, ನುಂಗಲಾಗದಷ್ಟು ದೊಡ್ಡ ಮೂಳೆಯನ್ನು ಕಣ್ಣೆದುರೇ ಕೊಟ್ಟು, ಸ್ವಲ್ಪ ಹೊತ್ತಿನ ನಂತರ ತೆಗೆದುಹಾಕಬೇಕು.
• ಮರಿಗಳಿಗೆ ಬರೀ ಮಾಂಸ ಸಾಲದು. ಮಾಂಸದಲ್ಲಿ ಸುಣ್ಣಾಂಶ ಅತ್ಯಲ್ಪವಾದ್ದರಿಂದ ಮೂಳೆಗಳು ದುರ್ಬಲಗೊಳ್ಳುತ್ತವೆ.
• ಹಠಾತ್ತನೆ ಸತ್ತ, ಮೂಗು ಅಥವಾ ಗುದದ್ವಾರದಿಂದ ರಕ್ತ ಒಸರುವ ಜಾನುವಾರಿನಲ್ಲಿ ನೆರಡಿ (ಆಂಥ್ರಾಕ್ಸ್) ಶಂಕೆ ಇರುವುದರಿಂದ ಕಳೇಬರವನ್ನು ಕೊಯ್ಯದೆ, ನಾಯಿಗಳನ್ನು ದೂರವಿಟ್ಟು, ಪಶುವೈದ್ಯರಿಗೆ ತಿಳಿಸಬೇಕು.

ಜಂತುನಾಶಕ ಔಷಧಿ

ಹಿಂಡಿನ ನಾಯಿಗಳಿಗೆ ಪಶುವೈದ್ಯರ ಸಲಹೆಯಂತೆ ಪ್ರಾಜಿಕ್ವಾಂಟೆಲ್ ಔಷಧಿಯನ್ನು ಪ್ರತಿ ಕಿಲೋ ದೇಹತೂಕಕ್ಕೆ 5 ಮಿ.ಗ್ರಾಂ. ಪ್ರಮಾಣದಲ್ಲಿ, ಸುಮಾರು 6 ವಾರಗಳಿಗೊಮ್ಮೆ ನೀಡಬೇಕು. ಈ ಔಷಧಿಯು ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಗಳನ್ನಲ್ಲ. ಆದ್ದರಿಂದ ಔಷಧಿ ನೀಡಿದ ನಂತರ 2 ದಿನ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಸುಡಬೇಕು ಅಥವಾ ಹೂಳಬೇಕು. ನಾಯಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವುದು ಅತ್ಯಗತ್ಯ.