ಬೂತಾಯಿ ಯಾರ ಪಾಲು? ಅರಬ್ಬಿ ಸಮುದ್ರದ ಆಹಾರ ಜಾಲದ ಲೆಕ್ಕ

ಸಮುದ್ರದಲ್ಲಿ ಯಾವ ಜೀವಿ ಯಾವುದನ್ನು ಎಷ್ಟು ತಿನ್ನುತ್ತದೆ, ಉಳಿದುದರಲ್ಲಿ ಮನುಷ್ಯನ ಬಲೆಗೆ ಎಷ್ಟು ಬೀಳುತ್ತದೆ ಎಂಬುದನ್ನು ಅಂಕಿಗಳಲ್ಲಿ ಜೋಡಿಸಿ ತೋರಿಸುವ ವಿಧಾನವೇ ಆಹಾರ ಜಾಲದ ಮಾದರಿ. ಕರ್ನಾಟಕದ ಕಡಲಿಗೂ ಇಂಥದೊಂದು ಮಾದರಿ ಸಿದ್ಧವಾಗಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೆ.ಎಸ್. ಮೊಹಮ್ಮದ್, ಪಿ.ಯು. ಜಕಾರಿಯ ಮತ್ತು ಸಂಗಡಿಗರು ರೂಪಿಸಿದ ಈ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕರ್ನಾಟಕದ ತೀರದಾಚೆಯ ಅರಬ್ಬಿ ಸಮುದ್ರದಲ್ಲಿ ಜೀವಿಗಳ ನಡುವಿನ ಆಹಾರ ಸಂಬಂಧವನ್ನು ಗುರುತಿಸುವುದು, ಅದರ ಆಧಾರದಲ್ಲಿ ಮುಂದಿನ ಮೀನಿನ ಇಳುವರಿಯನ್ನು ಅಂದಾಜು ಮಾಡುವುದು ಅದರ ಉದ್ದೇಶವಾಗಿತ್ತು.

ಈ ಲೆಕ್ಕ ಕರಾವಳಿಯ ಮೂರು ಜಿಲ್ಲೆಗಳಿಗಷ್ಟೇ ಸೇರಿದ್ದಲ್ಲ. ಗೋವಾ ಹಾಗೂ ಕಾರವಾರದ ಕಡೆಯಿಂದ ಘಟ್ಟವೇರಿ ಬರುವ ಮೀನು ಬೆಳಗಾವಿ, ಖಾನಾಪುರದ ಅಡುಗೆಮನೆಗಳನ್ನು ತಲುಪುತ್ತದೆ. ಹಸಿ ಮೀನು ಕೈಗೆಟುಕದ ಮನೆಗಳಿಗೆ ಒಣಮೀನೇ ಆಧಾರ. ಕಡಲಿನೊಂದಿಗೆ ಈ ಸೀಮೆಯ ನಂಟು ಇಂದು ನಿನ್ನೆಯದಲ್ಲ. ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕಾ ನಗರ. ಮುಂದೆ ಗೋವೆಯ ಕದಂಬರು ಗೋಪಕಪಟ್ಟಣದ ಬಂದರನ್ನೂ ಹಲಸಿಗೆ ಹನ್ನೆರಡು ಸಾವಿರ ಸೀಮೆಯನ್ನೂ ಒಂದೇ ಆಳ್ವಿಕೆಯಡಿ ಇರಿಸಿಕೊಂಡಿದ್ದರು. ಘಟ್ಟದ ಮೇಲಿನ ಊರಿಗೂ ಕೆಳಗಿನ ಬಂದರಿಗೂ ಅಂದಿನಿಂದಲೇ ಕೊಡುಕೊಳ್ಳುವಿಕೆ ಇದೆ.

ಜಮಾ ಖರ್ಚಿನ ಪುಸ್ತಕ

ಆಹಾರ ಜಾಲದ ಮಾದರಿಗೆ ಜಗತ್ತಿನೆಲ್ಲೆಡೆ ಹೆಚ್ಚಾಗಿ ಬಳಕೆಯಾಗುವುದು 'ಎಕೋಪಾತ್' ಎಂಬ ತಂತ್ರಾಂಶ. ಹವಾಯಿ ದ್ವೀಪಸಮೂಹದ ಹವಳ ದಿಬ್ಬವೊಂದರ ಅಧ್ಯಯನಕ್ಕಾಗಿ ಜೆಫ್ರಿ ಪೊಲೊವಿನಾ 1980ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಡೇನಿಯಲ್ ಪೌಲಿ ಹಾಗೂ ವಿಲ್ಲಿ ಕ್ರಿಸ್ಟೆನ್‌ಸನ್ ಅದನ್ನು ಬೆಳೆಸಿದರು. ಕಾಲ ಸರಿದಂತೆ ಆಗುವ ಬದಲಾವಣೆಯನ್ನು ತೋರಿಸುವ 'ಎಕೋಸಿಮ್' ಎಂಬ ಭಾಗ ಕಾರ್ಲ್ ವಾಲ್ಟರ್ಸ್ ಅವರ ನೇತೃತ್ವದಲ್ಲಿ 1997ರಲ್ಲಿ ಸೇರಿತು.

ಇದರ ತತ್ವ ಜಮಾ ಖರ್ಚಿನ ಪುಸ್ತಕದಷ್ಟೇ ಸರಳ. ಒಂದು ಜಾತಿಯ ಮೀನು ವರ್ಷದಲ್ಲಿ ಎಷ್ಟು ಹೊಸ ಮೈತೂಕ ಬೆಳೆಸಿತು ಎಂಬುದು ಜಮೆ. ಬೇರೆ ಜೀವಿಗಳ ಹೊಟ್ಟೆಗೆ ಹೋದದ್ದು, ಬಲೆಗೆ ಬಿದ್ದದ್ದು, ರೋಗ ಮುಪ್ಪುಗಳಿಂದ ಸತ್ತದ್ದು, ಬೇರೆಡೆಗೆ ವಲಸೆ ಹೋದದ್ದು ಖರ್ಚು. ಎರಡೂ ತಾಳೆಯಾಗಬೇಕು. ಉದಾಹರಣೆಗೆ, ಒಂದು ಪ್ರದೇಶದ ಬೂತಾಯಿ ವರ್ಷಕ್ಕೆ 100 ಟನ್ ಬೆಳೆಯುತ್ತದೆ ಎಂದಿಟ್ಟುಕೊಳ್ಳೋಣ. ದೊಡ್ಡ ಮೀನುಗಳು 60 ಟನ್ ತಿನ್ನುತ್ತವೆ, ದೋಣಿಗಳು 55 ಟನ್ ಹಿಡಿಯುತ್ತವೆ ಎಂದಾದರೆ ಲೆಕ್ಕ ಕೂಡುವುದಿಲ್ಲ. ಮಾಹಿತಿಯಲ್ಲಿ ತಪ್ಪಿರಬೇಕು, ಇಲ್ಲವೇ ಬಡ್ಡಿಯ ಜತೆಗೆ ಅಸಲೂ ಕರಗುತ್ತಿರಬೇಕು.

ಇಂಥ ಲೆಕ್ಕಕ್ಕೆ ಬೇಕಾದ ಮಾಹಿತಿ ಬಂದರಿನ ಕಟ್ಟೆಯಲ್ಲಿ ಹಾಗೂ ಪ್ರಯೋಗಾಲಯದಲ್ಲಿ ಸಂಗ್ರಹವಾಗುತ್ತದೆ. ಮೀನಿನ ಹೊಟ್ಟೆ ಸೀಳಿ ಒಳಗೆ ಏನಿದೆ, ಎಷ್ಟಿದೆ ಎಂದು ನೋಡಿ ದಾಖಲಿಸುವುದು ಅದರ ಮುಖ್ಯ ಭಾಗ. ಬಂಗುಡೆ, ಅಂಜಲ್, ಬೊಂಡಾಸ್, ಸಿಗಡಿ ಹೀಗೆ ಒಂದೊಂದು ಗುಂಪಿನ ಊಟದ ಪಟ್ಟಿ ಸಿದ್ಧವಾದ ಮೇಲೆ ಯಾರು ಯಾರಿಗೆ ಆಹಾರ ಎಂಬ ಜಾಲ ಕಣ್ಣಿಗೆ ಕಾಣತೊಡಗುತ್ತದೆ.

ಬಡವರ ಮೀನು, ಮೀನುಗಳ ಮೀನು

ಈ ಜಾಲದ ನಡುವೆ ನಿಂತಿರುವುದು ಬೂತಾಯಿ. ಕಾರವಾರದ ಕಡೆ ಇದಕ್ಕೆ ತಾರ್ಲಿ ಎನ್ನುತ್ತಾರೆ. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಅದರೊಂದಿಗೆ ಬರುವ ಪೋಷಕಾಂಶಗಳಿಂದ ಕಣ್ಣಿಗೆ ಕಾಣದ ಸಸ್ಯಪ್ಲವಕ ಹುಲುಸಾಗಿ ಬೆಳೆಯುತ್ತದೆ. 'ಫ್ರಾಜಿಲೇರಿಯ ಓಷಿಯಾನಿಕಾ' ಎಂಬ ಪ್ಲವಕ ಹೇರಳವಾಗಿರುವುದು ಬೂತಾಯಿಯ ಸಮೃದ್ಧಿಯ ಸೂಚನೆ ಎಂದು ವಿಜ್ಞಾನಿಗಳು 1955ರಲ್ಲೇ ಗುರುತಿಸಿದ್ದರು.

ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಸ್ಥೂಲವಾಗಿ ಹತ್ತನೆಯ ಒಂದು ಪಾಲು ಮಾತ್ರ ದಾಟುತ್ತದೆ. ಸಾವಿರ ಕಿಲೋ ಸಸ್ಯಪ್ಲವಕದಿಂದ ನೂರು ಕಿಲೋ ಪ್ರಾಣಿಪ್ಲವಕ, ಅದರಿಂದ ಹತ್ತು ಕಿಲೋ ಸಣ್ಣ ಮೀನು, ಅದರಿಂದ ಒಂದು ಕಿಲೋ ದೊಡ್ಡ ಮೀನು ಎಂಬುದು ಲೆಕ್ಕ. ಬೂತಾಯಿ ಪ್ಲವಕವನ್ನೇ ತಿನ್ನುವುದರಿಂದ ಅದರ ಸರಪಳಿ ಗಿಡ್ಡ. ಆದ್ದರಿಂದಲೇ ಅದು ರಾಶಿರಾಶಿಯಾಗಿ ಸಿಗುತ್ತದೆ, ಅಗ್ಗವಾಗಿಯೂ ಇರುತ್ತದೆ. ಒಮೆಗಾ-3 ಕೊಬ್ಬಿನಾಮ್ಲ ಇದರಲ್ಲಿ ಧಾರಾಳ. ಮುಳ್ಳಿನ ಸಮೇತ ತಿಂದರೆ ಸುಣ್ಣದಂಶವೂ ದೊರೆಯುತ್ತದೆ. ದೊಡ್ಡ ಮೀನುಗಳಿಗೂ ದುಡಿಯುವ ಜನರಿಗೂ ಇದೇ ತುತ್ತು.

ಆದರೆ ಈ ಮೀನಿನ ಏರಿಳಿತ ವಿಪರೀತ. 1940ರ ದಶಕದಲ್ಲಿ ಬೂತಾಯಿ ಇಳಿಮುಖವಾದಾಗ, ದಕ್ಷಿಣ ಕನ್ನಡವೂ ಒಳಗೊಂಡಿದ್ದ ಅಂದಿನ ಮದರಾಸು ಸರ್ಕಾರ 1943ರಲ್ಲಿ ಮೀನು ಹಿಡಿಯಲು ನಿರ್ಬಂಧ ಹೇರಿತ್ತು. ಜಾರಿ ಕಷ್ಟವಾಗಿ ಕೆಲವೇ ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಇತ್ತೀಚಿನ ಪೆಟ್ಟು ಇನ್ನೂ ದೊಡ್ಡದು. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್‌ಗೆ ಸಮೀಪವಿದ್ದ ಬೂತಾಯಿ ಇಳುವರಿ 2021ರಲ್ಲಿ 3,297 ಟನ್‌ಗೆ ಕುಸಿಯಿತು. 2022ರಲ್ಲಿ ಮತ್ತೆ 1 ಲಕ್ಷ ಟನ್ ದಾಟಿತು. ಮಿತಿಮೀರಿದ ಹಿಡಿತ ಹಾಗೂ ಎಲ್ ನಿನೊ ಪ್ರಭಾವದಿಂದ ಕಡಲಿನಲ್ಲಾದ ಏರುಪೇರು ಎರಡೂ ಈ ಕುಸಿತಕ್ಕೆ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ.

ಮೀನುಗಾರಿಕೆಯ ರೀತಿಯೂ ಬದಲಾಗಿದೆ. ಒಂದು ಕಾಲಕ್ಕೆ ಊರವರೆಲ್ಲ ಸೇರಿ ದಡದಿಂದಲೇ ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳ ಮುಂದೆ ಹಿಂದೆ ಸರಿಯಿತು. ಟ್ರಾಲರ್‌ಗಳ ಬಲೆಗೆ ಬೀಳುವ ಮರಿ ಮೀನು, ಚೂರು ಮೀನುಗಳ ಜತೆಗೆ ಬೂತಾಯಿಯ ಒಂದು ಪಾಲು ಕೂಡ ಕರಾವಳಿಯ ಮೀನು ಹಿಟ್ಟು ಹಾಗೂ ಮೀನೆಣ್ಣೆ ಕಾರ್ಖಾನೆಗಳನ್ನು ಸೇರುತ್ತದೆ. ಅಲ್ಲಿಂದ ಅದು ಸಿಗಡಿ, ಕೋಳಿ ಸಾಕಣೆಯ ಆಹಾರವಾಗುತ್ತದೆ. ಸಂತೆಯಲ್ಲಿ ಒಣಮೀನು ಕೊಳ್ಳುವ ಕುಟುಂಬ ಈಗ ಕಾರ್ಖಾನೆಯೊಂದಿಗೆ ಪೈಪೋಟಿಗೆ ನಿಂತಿದೆ.

ಧ್ರುವ ಪ್ರದೇಶದ ಪಾಠ

ಇದೇ ಲೆಕ್ಕ ಭೂಮಿಯ ಇನ್ನೊಂದು ತುದಿಯಲ್ಲಿ ಹಸಿವಿನ ಪ್ರಶ್ನೆಗೆ ನೇರವಾಗಿ ಜೋಡಣೆಯಾಗಿದೆ. ಕೆನಡಾದ ಉತ್ತರ ಭಾಗದ ಇನುಯಿಟ್ ಜನರಿಗೆ ಸೀಲ್, ಬೆಲುಗಾ ತಿಮಿಂಗಿಲ, ವಾಲ್ರಸ್, ಆರ್ಕ್ಟಿಕ್ ಚಾರ್ ಮೀನು ಪರಂಪರೆಯ ಆಹಾರ. ದೂರದಿಂದ ವಿಮಾನ, ಹಡಗುಗಳಲ್ಲಿ ಬರುವ ಅಂಗಡಿಯ ಸಾಮಗ್ರಿ ದುಬಾರಿ. 2007-08ರಲ್ಲಿ ನಡೆದ ಇನುಯಿಟ್ ಆರೋಗ್ಯ ಸಮೀಕ್ಷೆಯಲ್ಲಿ ನುನಾವುಟ್ ಪ್ರಾಂತ್ಯದ ಹತ್ತರಲ್ಲಿ ಸುಮಾರು ಏಳು ಮನೆಗಳು ಆಹಾರದ ಅಭದ್ರತೆ ಎದುರಿಸುತ್ತಿರುವುದು ಕಂಡುಬಂತು.

ಅಲ್ಲಿನ ಜಾಲದಲ್ಲಿ ನಮ್ಮ ಬೂತಾಯಿಯ ಸ್ಥಾನದಲ್ಲಿರುವುದು ಧ್ರುವದ ಕಾಡ್ ಮೀನು. ಮಂಜುಗಡ್ಡೆಯ ಅಡಿಯಲ್ಲಿ ಬೆಳೆಯುವ ಪಾಚಿಯನ್ನು ಪ್ರಾಣಿಪ್ಲವಕ ತಿನ್ನುತ್ತದೆ. ಪ್ಲವಕವನ್ನು ಕಾಡ್, ಕಾಡ್ ಮೀನನ್ನು ಸೀಲ್, ಸೀಲನ್ನು ಹಿಮಕರಡಿ ಹಾಗೂ ಮನುಷ್ಯ ತಿನ್ನುತ್ತಾರೆ. ಮಂಜುಗಡ್ಡೆ ತೆಳುವಾದಂತೆ ಈ ಸರಪಳಿಯ ಬುಡವೇ ಅಲುಗುತ್ತದೆ. ಉತ್ತರ ಹಡ್ಸನ್ ಕೊಲ್ಲಿಯ ಕೋಟ್ಸ್ ದ್ವೀಪದಲ್ಲಿ ಕಡಲಹಕ್ಕಿಗಳು ಮರಿಗಳಿಗೆ ತಂದು ಕೊಡುವ ಆಹಾರ 1980ರ ದಶಕದಿಂದ 1990ರ ದಶಕದ ಕೊನೆಯ ಹೊತ್ತಿಗೆ ಧ್ರುವದ ಕಾಡ್‌ನಿಂದ ಕ್ಯಾಪೆಲಿನ್ ಮೀನಿನತ್ತ ವಾಲಿತ್ತು. ಹಡ್ಸನ್ ಕೊಲ್ಲಿಗೆ ಕ್ಯಾರಿ ಹೂವರ್ ಮತ್ತು ಸಂಗಡಿಗರು ಎಕೋಪಾತ್ ಮಾದರಿಯನ್ನು ರೂಪಿಸಿ, ಬೇಟೆ, ಮೀನುಗಾರಿಕೆ ಹಾಗೂ ಹವಾಮಾನ ಬದಲಾವಣೆಯ ಪರಿಣಾಮವನ್ನು ಒಟ್ಟಿಗೆ ಪರಿಶೀಲಿಸಿದ್ದಾರೆ.

ಅಲ್ಲಿ ಬೇಟೆ ಎಂದರೆ ಊರವರ ಊಟ. ಹೀಗಾಗಿ ಜನರ ತಟ್ಟೆ ಮಾದರಿಯ ಒಳಗೇ ಇದೆ. ಕರ್ನಾಟಕದ ಲೆಕ್ಕಕ್ಕೂ ಧ್ರುವದ ಲೆಕ್ಕಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು. ಇಲ್ಲಿ ಮೀನು ದಡ ಸೇರಿದ ಕೂಡಲೇ 'ಹಿಡಿದದ್ದು' ಎಂಬ ಒಂದೇ ಖಾತೆಗೆ ಜಮೆಯಾಗುತ್ತದೆ. ಆಮೇಲೆ ಅದು ರಫ್ತಾಯಿತೇ, ಹಿಟ್ಟಾಯಿತೇ, ಖಾನಾಪುರದ ಮನೆಯೊಂದರ ಸಾರಾಯಿತೇ ಎಂಬುದನ್ನು ಸಮುದ್ರದ ಲೆಕ್ಕ ಹೇಳುವುದಿಲ್ಲ.

ಘಟ್ಟದ ಮೇಲಿನ ಎಳೆ

ಈ ಜಾಲದ ಒಂದು ಎಳೆ ಖಾನಾಪುರ ತಾಲ್ಲೂಕಿನಲ್ಲೇ ಇದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರಿದರೆ, ಇದೇ ತಾಲ್ಲೂಕಿನ ದೇಗಾಂವ್ ಬಳಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡೋವಿ ಎನಿಸಿಕೊಂಡು ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಅಳಿವೆಯೇ ಸಿಗಡಿ ಹಾಗೂ ಅನೇಕ ಮೀನುಗಳ ಮರಿಗಳಿಗೆ ತೊಟ್ಟಿಲು. ನದಿ ಹೊತ್ತು ತರುವ ಮೆಕ್ಕಲು, ಪೋಷಕಾಂಶಗಳು ಅಲ್ಲಿನ ಜೀವಿಗಳಿಗೆ ಆಸರೆ.

ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿಕೆ ಮಾಡಿತು. ಕಳಸಾ ಹಾಗೂ ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಲು ಅದರಲ್ಲಿ ಸಿಕ್ಕಿದ್ದು 3.9 ಟಿಎಂಸಿ ಅಡಿ. ಉತ್ತರ ಕರ್ನಾಟಕದ ಕುಡಿಯುವ ನೀರು ಒಂದು ಕಡೆ, ಕೆಳಗಿನ ಅಳಿವೆಯ ಬದುಕು ಇನ್ನೊಂದು ಕಡೆ. ಈ ವಾದ ಬಹುಕಾಲ ಟಿಎಂಸಿ ಅಂಕಿಗಳಲ್ಲೇ ನಡೆದಿದೆ. ಎಷ್ಟು ನೀರು ಕಡಿಮೆಯಾದರೆ ಎಷ್ಟು ಮೀನು ಕಡಿಮೆಯಾದೀತು, ಅಥವಾ ಏನೂ ಆಗಲಾರದೇ ಎಂಬುದನ್ನು ಪರೀಕ್ಷಿಸಲು ಆಹಾರ ಜಾಲದ ಮಾದರಿ ಎರಡೂ ಪಕ್ಷಗಳಿಗೆ ಸಮಾನವಾಗಿ ಒದಗಬಲ್ಲ ಸಾಧನ.

ಮಾದರಿಯ ಮಿತಿ, ಮುಂದಿನ ದಾರಿ

ಮಾದರಿ ಭವಿಷ್ಯವಾಣಿಯಲ್ಲ. ಮೀನಿನ ಹೊಟ್ಟೆಯ ದಾಖಲೆ ಹಳೆಯದಾದರೆ ಉತ್ತರವೂ ಹಳಸುತ್ತದೆ. ಸಮುದ್ರ ಬಿಸಿಯಾಗಿ ಮೀನುಗಳು ಬೇರೆಡೆಗೆ ಸರಿದರೆ ಜಾಲವನ್ನು ಮತ್ತೆ ಹೆಣೆಯಬೇಕು. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಮೀನಿನ ಜಾಡು ಹೇಳುವ ಮೊಗವೀರ, ಖಾರ್ವಿ ಸಮುದಾಯಗಳ ಅನುಭವ ಸೇರಿದರೆ ಅಂಕಿಗಳಿಗೆ ಬಲ ಬರುತ್ತದೆ.

ನಿಯಮಗಳು ಇಲ್ಲವೆಂದಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧವಿದೆ. ಬೆಳಕು ಹಾಯಿಸಿ ಮೀನು ಸೆಳೆಯುವುದನ್ನೂ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಮರಿ ಮೀನು ಹಿಡಿಯದಂತೆ ಕನಿಷ್ಠ ಗಾತ್ರವನ್ನು ಕೇರಳ 2015ರಲ್ಲಿ 14 ಜಾತಿಗಳಿಗೆ ನಿಗದಿಪಡಿಸಿತು. ಇವೆಲ್ಲವೂ ಎಷ್ಟು ಹಿಡಿಯಬಹುದು, ಹೇಗೆ ಹಿಡಿಯಬಹುದು ಎಂಬುದಕ್ಕೆ ಸಂಬಂಧಿಸಿದವು. ಹಿಡಿದ ಸಣ್ಣ ಮೀನಿನಲ್ಲಿ ದೊಡ್ಡ ಮೀನಿಗೆ, ಕಾರ್ಖಾನೆಗೆ, ಜನರ ಊಟಕ್ಕೆ ತಲಾ ಎಷ್ಟು ಎಂಬ ಪ್ರಶ್ನೆ ಅವುಗಳ ಆಚೆಗೆ ಉಳಿಯುತ್ತದೆ. ಇನುಯಿಟ್ ಜನರ ತಟ್ಟೆ ಹಡ್ಸನ್ ಕೊಲ್ಲಿಯ ಲೆಕ್ಕದಲ್ಲಿ ಸೇರಿದಂತೆ, ಬೆಳಗಾವಿಯ ಮಾರುಕಟ್ಟೆ ಹಾಗೂ ಖಾನಾಪುರದ ಸಂತೆಯ ಒಣಮೀನಿನ ಬುಟ್ಟಿಯೂ ಅರಬ್ಬಿ ಸಮುದ್ರದ ಲೆಕ್ಕದಲ್ಲಿ ಪ್ರತ್ಯೇಕ ಖಾತೆಯಾಗಿ ಸೇರಿದಾಗ, ಆ ಪ್ರಶ್ನೆಗೆ ಅಂಕಿಗಳ ಆಧಾರದ ಉತ್ತರ ದೊರೆತೀತು.